ಇವತ್ತಿಗೆ ಕೆಂಪು

ಪುರಸಭೆಯ ಗುಮಾಸ್ತ ಸೈಕಲ್ಲಿನಿಂದ ಇಳಿಯಲೂ ಇಲ್ಲ. ಒಂದು ಕಾಲನ್ನು ಹೊಸ್ತಿಲಿಗೆ ಊರಿ, "ಇವತ್ತಿಗೆ ಕೆಂಪು! ಹತ್ತು ಗಂಟೆಯೊಳಗೆ ಆಗ್ಬೇಕು" ಎಂದು ಕೂಗಿ ಹೊರಟೇಹೋದ. ಅರ್ಧ ಲೋಟ ನೀರಿನಲ್ಲಿ ಹಲ್ಲುಜ್ಜಿ ಮುಗಿಸುವ ಸಾಹಸದಲ್ಲಿದ್ದ ಪೇಂಟರ್, ಬಾಯ ತುಂಬ ನೊರೆ ಇಟ್ಟುಕೊಂಡೇ ತಲೆಯಾಡಿಸಿದ.

ಊರ ಚೌಕದಲ್ಲಿ ಎರಡಾಳೆತ್ತರದ ಬೋರ್ಡೊಂದಿತ್ತು: 'ಉಗ್ರರ ಬೆದರಿಕೆ: ಇಂದಿನ ಮಟ್ಟ'. ಕೆಳಗೆ ಗಾಡಿಚಕ್ರದಷ್ಟು ದೊಡ್ಡ ವೃತ್ತ. ಅದು ಹಸಿರಿದ್ದರೆ ಆರಾಮ, ಹಳದಿಯಾದರೆ ಹುಷಾರು, ಕೆಂಪಾದರೆ ನಾಲ್ಕಕ್ಕಿಂತ ಹೆಚ್ಚು ಮಂದಿ ಒಂದೆಡೆ ಸೇರುವಂತಿಲ್ಲ. ಯಾವ ದಿನ ಯಾವ ಬಣ್ಣ ಎಂದು ತೀರ್ಮಾನಿಸುವವರು ಪುರಸಭೆಯ ಅಧ್ಯಕ್ಷರು. ಬಳಿಯುವವನು ಪೇಂಟರ್. ಉಗ್ರರನ್ನು ಈವರೆಗೆ ಕಂಡವರು ಮಾತ್ರ ಯಾರೂ ಇರಲಿಲ್ಲ.

ಹೆಂಡತಿ ಖಾಲಿ ಬಕೆಟ್ ಹಿಡಿದು ಹೊರಗೆ ಬಂದಳು. "ಏನಂತೆ?"

"ಕೆಂಪಂತೆ."

"ಇವತ್ತೇನಾ? ನಾವು ಹೆಂಗಸರೆಲ್ಲ ನೀರು ಕೇಳೋಕೆ ಪುರಸಭೆಗೆ ಹೋಗ್ತಿದ್ದೀವಿ ಅಂತ ಆ ಉಗ್ರರಿಗೆ ಹೇಳಿದ್ದು ಯಾರು?"

ಪೇಂಟರ್ ಉಳಿದ ಗುಟುಕು ನೀರಿನಲ್ಲಿ ಬಾಯಿ ಮುಕ್ಕಳಿಸಿದ. ನಲ್ಲಿಯಲ್ಲಿ ನೀರು ಕಂಡು ಹದಿನೆಂಟು ದಿನವಾಗಿತ್ತು. ಅಷ್ಟರಲ್ಲಿ ಎದುರಂಗಡಿಯ ಕ್ಷೌರಿಕ ಕತ್ತಿ ಹಿಡಿದೇ ಬಂದ. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೂ ಬಂದ.

"ಅಣ್ಣಾ, ಗಮನಿಸಿದ್ದೀಯಾ? ರಸ್ತೆ ಗುಂಡಿ ಮುಚ್ಚಿ ಅಂತ ಜನ ಹೋದ ದಿನ ಕೆಂಪು. ಆಸ್ಪತ್ರೆಗೆ ಡಾಕ್ಟರು ಬೇಕು ಅಂದ ದಿನ ಕೆಂಪು. ಅಧ್ಯಕ್ಷರ ಭಾಷಣಕ್ಕೆ ಸಾವಿರಾರು ಜನ ಸೇರಿದ ದಿನ ಮಾತ್ರ ಹಚ್ಚ ಹಸಿರು! ಅವತ್ತು ಉಗ್ರರಿಗೆ ರಜವಾ?"

"ಸುಮ್ನಿರಪ್ಪಾ. ನಾನು ಬಳಿಯೋನು, ಬಣ್ಣ ಆರಿಸೋನಲ್ಲ."

"ಕುಂಚ ಯಾರ ಕೈಲಿರುತ್ತೆ?" ಎಂದಳು ಹೆಂಡತಿ.

ಆ ಮಾತು ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನ ಹಾಗೆ ಚೌಕದವರೆಗೂ ಅವನನ್ನು ಚುಚ್ಚುತ್ತಲೇ ಹೋಯಿತು.

ಏಣಿ ಹತ್ತಿ ಕೆಂಪು ಡಬ್ಬಿಯ ಮುಚ್ಚಳ ತೆಗೆದ. ಮೇಲಿನಿಂದ ನೋಡಿದರೆ ಗಲ್ಲಿಗಲ್ಲಿಯಿಂದ ಹೆಂಗಸರು ಬಕೆಟ್ ಹಿಡಿದು ಬರುತ್ತಿದ್ದರು. ಡಬ್ಬಿ ಕಂಡದ್ದೇ ಇದ್ದಲ್ಲೇ ನಿಂತರು. ಪೊಲೀಸಪ್ಪ ಲಾಠಿ ಆಡಿಸುತ್ತ, "ಕೆಂಪು ಬರ್ತಿದೆ, ನಡೀರಿ, ನಡೀರಿ" ಎಂದು ಅಟ್ಟತೊಡಗಿದ. ಬೆನ್ನು ಬಾಗಿದ ಅಜ್ಜಿಯೊಬ್ಬಳು ಏಣಿಯ ಬುಡಕ್ಕೆ ಬಂದು ಕತ್ತೆತ್ತಿದಳು.

"ಮಗಾ, ನನ್ನ ನೋಡಿದ್ರೆ ನಿಂಗೆ ಹೆದರಿಕೆ ಆಗುತ್ತಾ?"

ಪೇಂಟರ್ ಕೈಯಲ್ಲಿದ್ದ ಕುಂಚವನ್ನು ನೋಡಿದ. ಅವನು ಕೆಂಪು ಡಬ್ಬಿ ಮುಚ್ಚಿದ. ಹಸಿರು ಡಬ್ಬಿ ತೆಗೆದ. ಬಳಿದೇಬಿಟ್ಟ.

ಪೊಲೀಸಪ್ಪ ಬಾಯಿ ತೆರೆದು ಬೋರ್ಡನ್ನೇ ನೋಡಿದ. ಹಸಿರೆಂದರೆ ಜನ ಸೇರಬಹುದು, ನಿಯಮ ನಿಯಮವೇ. ಲಾಠಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕಕ್ಕೆ ಸರಿದ. ಎರಡು ನಿಮಿಷದಲ್ಲಿ ಚೌಕ ತುಂಬಿತು. ಹೆಂಗಸರೆಲ್ಲ ಬಕೆಟ್ ಬಡಿಯತೊಡಗಿದರು. ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದು.

ಪುರಸಭೆಯ ಮಹಡಿಯ ಕಿಟಕಿಯಲ್ಲಿ ಅಧ್ಯಕ್ಷರು ಕಾಣಿಸಿಕೊಂಡರು. ಬೋರ್ಡು ನೋಡಿ ಮುಖ ಸುಣ್ಣದಂತಾಯಿತು. ಆದರೆ ಮೈಕು ಕೈಗೆ ಬಂದದ್ದೇ ಗಂಟಲು ಸರಿಯಾಯಿತು.

"ತಾಯಂದಿರೇ! ಯಾರೋ ಬೋರ್ಡು ತಿದ್ದಿದ್ದಾರೆ! ಉಗ್ರರ ಕೈ ನಮ್ಮ ಚೌಕಕ್ಕೇ ಬಂದಿದೆ!"

"ಉಗ್ರರ ಕೈಯಲ್ಲ ಸಾರ್, ನಂದು!" ಪೇಂಟರ್ ಏಣಿಯ ಮೇಲಿನಿಂದಲೇ ಹಸಿರಾದ ಅಂಗೈ ಎತ್ತಿ ತೋರಿಸಿದ. "ನಲ್ಲೀಲಿ ನೀರಿಲ್ಲ. ಈ ಊರಿಗಿರೋ ಅಪಾಯ ಅದೊಂದೇ!"

ಬಕೆಟ್ಟಿನ ಸದ್ದು ಇಮ್ಮಡಿಯಾಯಿತು. ಅಧ್ಯಕ್ಷರು ಕಣ್ಣು ಮಿಟುಕಿಸಲಿಲ್ಲ.

"ನೀರು ನಿಲ್ಲಿಸಿದ್ದು ಯಾಕೆ ಗೊತ್ತಾ? ಟ್ಯಾಂಕಿಗೆ ಉಗ್ರರು ವಿಷ ಬೆರೆಸ್ತಾರೆ ಅಂತ ಗುಟ್ಟಿನ ಸುದ್ದಿ ಬಂದಿದೆ! ನಿಮ್ಮ ಜೀವ ಉಳಿಸೋಕೆ ನಿಲ್ಲಿಸಿದ್ದೀನಿ!"

ಬಕೆಟ್ಟುಗಳು ಒಂದೊಂದಾಗಿ ಮೌನವಾದವು. ಯಾರೋ ಮಗುವನ್ನು ಸೊಂಟಕ್ಕೇರಿಸಿಕೊಂಡರು. ಇನ್ಯಾರೋ ಓಡಿದರು. ಅವರನ್ನು ನೋಡಿ ಎಲ್ಲರೂ ಓಡಿದರು. ಉಳಿದದ್ದು ಅಜ್ಜಿ ಮತ್ತು ಪೇಂಟರನ ಹೆಂಡತಿ.

"ನೀರೇ ಇಲ್ಲದ ಟ್ಯಾಂಕಿಗೆ ಯಾವ ವಿಷ ಸ್ವಾಮೀ?" ಎಂದು ಅವಳು ಕೂಗಿದಳು. ಮೈಕು ಆಗಲೇ ಆರಿತ್ತು.

ಪೊಲೀಸಪ್ಪ ಪೇಂಟರನನ್ನು ಅಧ್ಯಕ್ಷರ ಕೋಣೆಗೆ ಕರೆದೊಯ್ದ. ಅಧ್ಯಕ್ಷರು ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದರು.

"ನಿನ್ನ ಒಳಗೆ ಹಾಕ್ಬಹುದು ಕಣಯ್ಯಾ. ಆದ್ರೆ ಚುನಾವಣೆಗೆ ಇನ್ನು ಹತ್ತೇ ದಿನ, ಊರಿಗೆ ಪೇಂಟರ್ ನೀನೊಬ್ಬನೇ. ಬರೀ ಬಣ್ಣಕ್ಕೆ ಜನ ಹೆದರಲ್ಲ ಅಂತ ಇವತ್ತು ಗೊತ್ತಾಯ್ತು. ಒಂದು ಮುಖ ಬೇಕು. ಮೊದಲು ಬೋರ್ಡಿಗೆ ಕೆಂಪು ಬಳಿ. ಆಮೇಲೆ ಚೌಕದ ಗೋಡೆ ಮೇಲೆ ಆ ಮುಖ ದೊಡ್ಡದಾಗಿ ಬರಿ, ಕೆಳಗೆ 'ಎಚ್ಚರಿಕೆ' ಅಂತ ಹಾಕು."

"ಯಾರ ಮುಖ ಸಾರ್?"

"ಉಗ್ರನ್ನ ನಾನೇನು ನೋಡಿದ್ದೀನಾ? ಈ ಊರು ಹಾಳು ಮಾಡೋನ ಮುಖ ಹೇಗಿರುತ್ತೆ ಅಂತ ನಿಂಗೆ ಅನ್ಸುತ್ತೋ ಹಾಗೆ ಬರಿ. ಐದು ಗಂಟೆಗೆ ಬಂದು ನೋಡ್ತೀನಿ."

ಪೇಂಟರ್ ಬೋರ್ಡಿಗೆ ಕೆಂಪು ಬಳಿದು, ಊಟಕ್ಕೂ ಹೋಗದೆ ಮುಖ ಬರೆದ. ಮೊದಲು ಎರಡು ಗಲ್ಲ ಬಂದವು, ಆಮೇಲೆ ಅವುಗಳ ಕೆಳಗೆ ಮೂರು ಮಡಿಕೆಯ ಗದ್ದ, ಹುಬ್ಬಿನ ಪಕ್ಕದ ಮಚ್ಚೆ, ಬಾಚಣಿಗೆಯಂಥ ಮೀಸೆ. ಮೀಸೆ ಮುಗಿಯುವ ಹೊತ್ತಿಗೆ, ನೋಡಲು ಬಂದಿದ್ದ ಕ್ಷೌರಿಕನ ಕೈಯಿಂದ ಕತ್ತಿ ಜಾರಿ ಬಿತ್ತು. ಆ ಮೀಸೆಯನ್ನು ವಾರಕ್ಕೊಮ್ಮೆ ಕತ್ತರಿಸುವವನು ಅವನೇ.

"ಅಣ್ಣಾ, ಇದು ಅಧ್ಯಕ್ಷರು! ಓಡಿಹೋಗು!"

"ಯಾಕೆ ಓಡ್ಲಿ? ಅವರು ಕೇಳಿದ್ದನ್ನೇ ಬರ್ದಿದ್ದೀನಿ." ಅವನು ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದ. 'ಎಚ್ಚರಿಕೆ' ಎಂಬ ನಾಲ್ಕಕ್ಷರವನ್ನು ಮೊಳದುದ್ದ ಬರೆದು ಕೆಳಗಿಳಿದ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. "ಜೈಲಾದ್ರೆ ಆಗ್ಲಿ ಬಿಡಿ. ಅಲ್ಲಿ ನೀರಾದ್ರೂ ಇರುತ್ತೆ."

ಬೀದಿಯ ಹೆಂಗಸರು ನಾಲ್ಕು ನಾಲ್ಕೇ ಮಂದಿಯ ಗುಂಪಾಗಿ, ಮಾರು ಮಾರು ದೂರದಲ್ಲಿ ಬಂದು ನಿಂತರು. ನಿಯಮ ಮುರಿಯಲಿಲ್ಲ, ಚೌಕ ಮಾತ್ರ ತುಂಬಿತು.

ಸರಿಯಾಗಿ ಐದಕ್ಕೆ ಅಧ್ಯಕ್ಷರು ಬಂದರು. ಕತ್ತೆತ್ತಿ ನೋಡಿದರು. ಮುಖ ಓದಿದರು, ಅಕ್ಷರ ಓದಿದರು, ಮತ್ತೆ ಮುಖ ಓದಿದರು. ಗುಮಾಸ್ತ ಹೆದರಿ ಸೈಕಲ್ಲಿನ ಹಿಂದೆ ಅಡಗಿದ. ಪೇಂಟರ್ ಎರಡೂ ಕೈ ಮುಂದೆ ಚಾಚಿದ, ಬೇಡಿ ಹಾಕಲು ಅನುಕೂಲವಾಗಲೆಂದು.

ಅಧ್ಯಕ್ಷರು ಆ ಕೈಗಳನ್ನು ಹಿಡಿದುಕೊಂಡರು. ಅವರ ಕಣ್ಣು ತುಂಬಿಬಂದಿತ್ತು.

"ಎಚ್ಚರಿಕೆ! ನನ್ನ ಬದುಕನ್ನೇ ಒಂದು ಮಾತಲ್ಲಿ ಬರ್ದುಬಿಟ್ಟೆಯಲ್ಲಯ್ಯಾ! ಉಗ್ರನ್ನ ಬರಿ ಅಂದ್ರೆ, ಹಗಲೂ ರಾತ್ರಿ ಎಚ್ಚರವಾಗಿದ್ದು ಊರು ಕಾಯೋ ನನ್ನನ್ನೇ ಬರ್ದಿದ್ದೀಯಾ! ಇವನನ್ನ ಬೈದೆನಲ್ಲ ನಾನು!" ಗುಮಾಸ್ತನ ಕಡೆ ತಿರುಗಿದರು. "ಬರ್ಕೋ. ಇಂಥದ್ದೇ ಬೀದಿಗೊಂದು, ಒಟ್ಟು ನಲವತ್ತು. ಇವನ ಕೈಯಿಂದಲೇ ಆಗ್ಬೇಕು. ಚುನಾವಣೆ ಮುಗಿಯೋ ತನಕ ಇವನು ಏಣಿ ಬಿಟ್ಟು ಇಳೀಬಾರ್ದು!"

ಪೇಂಟರ್ ಏಣಿಗೆ ಒರಗಿ ಕುಸಿದು ಕೂತ. ಹೆಂಡತಿ ಬಕೆಟ್ಟನ್ನು ಕವುಚಿಹಾಕಿ ಅದರ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಗ್ತೀಯಲ್ಲೇ! ನಲವತ್ತು ಸಲ ಆ ಮುಖ ಬರೀಬೇಕು ನಾನು!"

"ಬರೀರಿ ಅಂದ್ರೆ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಓಟು ಹಾಕೋ ಮುಂಚೆ ಊರಿನವರೆಲ್ಲ ಓದ್ಕೊಳ್ಳಲಿ. ಅಕ್ಷರ ಮಾತ್ರ ಇನ್ನೂ ಸ್ವಲ್ಪ ದಪ್ಪಗೆ ಬರೀರಿ."