ಮಾನ್ವಿ ಮಿಲ್ಲಿಗೆ ಬಂದ ರಾಕ್ಷಸರು

ಐವತ್ತರ ಹತ್ತಿರದ ಮೂವರು ಒಂದೇ ಕಂಪ್ಯೂಟರಿನ ಮುಂದೆ ಕೂತರೆ ಏನಾದರೊಂದು ಆಗಿಯೇ ಆಗುತ್ತದೆ. ಆಗದಿದ್ದರೆ ನಾನು ಆಗಿಸುತ್ತೇನೆ. ರಾಯಚೂರಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಭಾನುವಾರ ಬಂತೆಂದರೆ ದೇವದುರ್ಗದಿಂದ ಡ್ರಾಯಿಂಗ್ ಮಾಸ್ತರು, ಮಾನ್ವಿಯಿಂದ ಅಕ್ಕಿ ಮಿಲ್ಲಿನ ಸಾವ್ಕಾರರು ಹಾಜರ್. ಬಂದೂಕು ಹಿಡಿದು ರಾಕ್ಷಸರನ್ನು ಹೊಡೆಯುವ ಒಂದು ಹಳೇ ಗೇಮು ನಮ್ಮ ಹರೆಯದ ಹುಚ್ಚು. ಜಗತ್ತಿನ ಹವ್ಯಾಸಿಗಳು ಅದಕ್ಕೆ ಈಗಲೂ ತಲೆಗೊಂದು ಲೆವೆಲ್ ಕಟ್ಟಿ, ಎಲ್ಲ ಸೇರಿಸಿ ಹೊಸ ಆಟ ಬಿಡುತ್ತಾರೆ. ಅದರಲ್ಲಿ ನಮ್ಮದೂ ಸೇರಲೇಬೇಕಿತ್ತು. ಯಾಕೆಂದರೆ, "ನಮ್ಮ ಮಿಲ್ಲು ಗೇಮಿನಾಗ ಬರಾಕತ್ತದ" ಎಂದು ಸಾವ್ಕಾರರು ಇಡೀ ಮಾನ್ವಿಗೆ ಹೇಳಿಬಿಟ್ಟಿದ್ದರು.

೧. ಟವೆಲ್

ಲೆವೆಲ್ಲಿನ ಶುರುವಿಗೆ ಮಾಸ್ತರು ದೇವದುರ್ಗದ ಬಸ್ ಸ್ಟ್ಯಾಂಡ್ ಕಟ್ಟಿದರು. ಗುಂಡು ತಾಗದ ಜಾಗವೆಂದರೆ ಕಂಬದ ಹಿಂದಿನ ಬೆಂಚು ಒಂದೇ. ಮಾಸ್ತರು ಚಹಾಕ್ಕೆ ಎದ್ದಾಗ ನಾನು ಆ ಬೆಂಚಿನ ಮೇಲೊಂದು ಟವೆಲ್ ಬಿಡಿಸಿಟ್ಟೆ. ಸಾವ್ಕಾರರು ಆಡಲು ಕೂತರು. ನಾಲ್ಕೂ ಕಡೆಯಿಂದ ರಾಕ್ಷಸರು.

"ಬೆಂಚಿಗೆ ಹೋಗ್ರಿ ಸಾವ್ಕಾರ್ರ, ಅಲ್ಲಿ ಗುಂಡು ತಾಗಂಗಿಲ್ಲ," ಎಂದರು ಮಾಸ್ತರು.

"ಯಾರೋ ಟವೆಲ್ ಹಾಕ್ಯಾರಲ್ರಿ. ಸೀಟು ಅವ್ರದು."

ಬಯಲಲ್ಲೇ ನಿಂತು ಸತ್ತರು. ಸತ್ತ ಮೇಲೆ ಕೇಳಿದ್ದು, "ಟವೆಲ್‌ನವ್ರು ಬಂದ್ರೇನ್ರಿ?"

ಮಾಸ್ತರು ಈ ಸಂಗತಿಯನ್ನು ಬೇರೆ ಥರ ಹೇಳುತ್ತಾರೆ. ಅವರು ಹೇಳುವುದೇ ನಿಜ, ಆದರೆ ನಗು ಬರುವುದಿಲ್ಲ.

೨. ಒಗ್ಗರಣೆ, ಮಿರ್ಚಿ

ಬಸ್ ಸ್ಟ್ಯಾಂಡ್ ದಾಟಿದರೆ ಮಿಲ್ಲು. ಅದನ್ನು ಸಾವ್ಕಾರರೇ ಕಟ್ಟಿದರು. ಈ ಗೇಮಿನಲ್ಲಿ ಅಲ್ಲೊಂದು ಇಲ್ಲೊಂದು ಔಷಧಿ ಡಬ್ಬಿ ಇರುತ್ತದೆ. ತೆಗೆದುಕೊಂಡರೆ ಹೋದ ಜೀವ ಬರುತ್ತದೆ. ಸಾವ್ಕಾರರು ಡಬ್ಬಿ ಕಿತ್ತುಹಾಕಿ, ತಿರುವು ತಿರುವಿಗೂ ಮಂಡಾಳ (ಮಂಡಕ್ಕಿ) ಒಗ್ಗರಣೆ, ಮಿರ್ಚಿ ಭಜಿಯ ಪ್ಲೇಟು ಇಟ್ಟರು.

ಆಟ ಒಟ್ಟುಗೂಡಿಸುವ ಪರದೇಶದವನು ಬರೆದ: ನಿಮ್ಮ ಮಿಲ್ಲಿನೊಳಗೆ ಯಾರೂ ಸಾಯುತ್ತಿಲ್ಲ, ಪ್ಲೇಟು ಕಡಿಮೆ ಮಾಡಿ, ಇಲ್ಲದಿದ್ದರೆ ಸೇರಿಸುವುದಿಲ್ಲ.

ಓದಿ ಹೇಳಿದೆ. ಸಾವ್ಕಾರರ ಮುಖ ಕೆಂಪಗಾಯಿತು. "ಹೊಡ್ಯೋದು ರಾಕ್ಷಸ್ರ ಕೆಲಸ, ತಿನ್ಸೋದು ನಮ್ ಕೆಲಸ. ಅವ್ರ ಕೆಲಸದಾಗ ನಾ ಕೈ ಹಾಕೀನೇನು?"

೩. ಗೇಟು

ಪ್ಲೇಟು ತೆಗೆಯಲು ಸಾವ್ಕಾರರು ಸುತಾರಾಂ ಒಪ್ಪಲಿಲ್ಲ. ತೆಗೆಯದಿದ್ದರೆ ಲೆವೆಲ್ ಹೋಗುತ್ತದೆ, ಮಾನ್ವಿಯಲ್ಲಿ ಮುಖ ಎತ್ತಿ ತಿರುಗುವಂತಿಲ್ಲ. ಆಗ ನನಗೆ ಹೊಳೆಯಿತು.

"ಒಂದ್ ಪ್ಲೇಟೂ ತೆಗಿಯೋದು ಬ್ಯಾಡ, ಇನ್ನೂ ಹೆಚ್ಚ ಇಡೂಣು. ಆದ್ರ ಎಲ್ಲಾ ತಿನ್ನೋತನಕ ಮಿಲ್ಲಿನ ಗೇಟು ತೆರಿಯಂಗಿಲ್ಲ."

ಸಾವ್ಕಾರರು ನನ್ನ ಕೈ ಹಿಡಿದುಕೊಂಡರು. "ನಮ್ ಮನ್ಯಾಗ ಬೀಗರಿಗೆ ಹಿಂಗ ಮಾಡ್ತೀವ್ರಿ."

ಮಾಸ್ತರು ಒಂದೊಂದು ಪ್ಲೇಟಿನ ಹಿಂದೆಯೂ ಒಂದು ಕಳ್ಳಗೋಡೆ ಕಟ್ಟಿದರು. ಮಿರ್ಚಿಗೆ ಕೈ ಹಾಕಿದರೆ ಸಾಕು, ಗೋಡೆ ಸರಿದು ರಾಕ್ಷಸರ ಹಿಂಡು.

ಉತ್ತರ ಬಂತು: ಸೇರಿಸಿದ್ದೇವೆ, ಆಡಿ ನೋಡಿದವರೆಲ್ಲ ಮಿಲ್ಲಿನಲ್ಲೇ ಸತ್ತರು. ನಾನು, ಮಾಸ್ತರು ಅಂಗಡಿಯಲ್ಲೇ ಕುಣಿದೆವು. ಸಾವ್ಕಾರರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಖರೇ ಹೇಳ್ರಿ," ಎಂದರು. "ತಿಂದ್ ಸತ್ರೋ, ತಿನ್ನದ ಸತ್ರೋ?"

"ತಿಂದಽ ಸತ್ತಾರ್ರಿ," ಎಂದೆ.

ಸಾವ್ಕಾರರು ನಿರಾಳವಾಗಿ ಉಸಿರು ಬಿಟ್ಟು ಮಾನ್ವಿಗೆ ಫೋನ್ ಹಚ್ಚಿದರು. "ಲೇ, ಎಲ್ಲಾರ್ಗೂ ಹೇಳು. ನಮ್ ಮಿಲ್ಲಿನಾಗ ಒಬ್ರೂ ಉಪವಾಸ ಸತ್ತಿಲ್ಲಂತ."