ಮಂಜೂರಾದ ಟಿ.ವಿ.ಯನ್ನು ನಾಮಂಜೂರು ಮಾಡುವ ಬಗ್ಗೆ

ಇಂದ,
ಗೃಹವಿಮೆ ಪಾಲಿಸಿದಾರ
(ನೀರು ಸರಬರಾಜು ಕಚೇರಿಯ ಗುಮಾಸ್ತ),
ಔಷಧಿ ಅಂಗಡಿಯ ಮೇಲಿನ ಮಹಡಿ,
ಹೊರಗಿನ ಮೆಟ್ಟಿಲು, ಎಡಗಡೆ ಬಾಗಿಲು
(ಕರೆಗಂಟೆ ಕೆಟ್ಟಿದೆ, ಬಡಿಯುವುದು).

ಗೆ,
ಮಾನ್ಯ ಶಾಖಾ ವ್ಯವಸ್ಥಾಪಕರು,
ಗೃಹವಿಮೆ ಪರಿಹಾರ ವಿಭಾಗ.

ಮೂಲಕ: ತಮ್ಮ ಏಜೆಂಟರು (ಅರ್ಜಿದಾರನ ಹೆಂಡತಿಯ ತಮ್ಮ).

ವಿಷಯ: ಆಕಸ್ಮಿಕ ಹಾನಿ ಎಂದು ಪರಿಗಣಿಸಿ ತಾವು ಮಂಜೂರು ಮಾಡಿರುವ ಹೊಸ ಟಿ.ವಿ.ಯನ್ನು ದಯವಿಟ್ಟು ನಾಮಂಜೂರು ಮಾಡಿ, ಸದರಿ ಹಾನಿಯನ್ನು ನನ್ನ ತಂದೆಯವರು ಬೇಕೆಂದೇ ಮಾಡಿದ್ದಾರೆಂದು ಲಿಖಿತವಾಗಿ ದೃಢೀಕರಿಸಿ ಕೊಡುವ ಬಗ್ಗೆ.

ಉಲ್ಲೇಖ: ೧. ನನ್ನ ಪರಿಹಾರದ ಕೋರಿಕೆ (ಸುಳ್ಳು).
೨. ತಮ್ಮ ಪರಿಶೀಲಕರ ವರದಿ (ನಿಜ).
೩. ತಮ್ಮ ಮಂಜೂರಾತಿ ಪತ್ರ (ದೊಡ್ಡ ಮನಸ್ಸಿನದು).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಕೇಳಿದ್ದನ್ನು ಕೊಡದ ಕಚೇರಿಗಳಿಗೆ ಅರ್ಜಿ ಬರೆದು ನನಗೆ ಅಭ್ಯಾಸವಿದೆ. ಕೇಳಿದ್ದನ್ನು ಕೊಟ್ಟ ಕಚೇರಿಗೆ, ಯಾಕೆ ಕೊಟ್ಟಿರಿ ಎಂದು ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಒಕ್ಕಣೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು. ತಮ್ಮ ಮಂಜೂರಾತಿ ಪತ್ರ ಬಂದ ದಿನದಿಂದ ನನ್ನ ತಂದೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆ ಪತ್ರ ರದ್ದಾಗದೆ ಅವರು ಮಾತಾಡುವ ಲಕ್ಷಣ ಕಾಣುತ್ತಿಲ್ಲ. ಕಾರಣ, ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

೧. ನನ್ನ ತಂದೆಯವರು ವೃತ್ತಿಯಲ್ಲಿ ಕ್ಷೌರಿಕರು. ಇಲ್ಲಿ 'ಆಗಿದ್ದರು' ಎಂದು ಬರೆದು ಆಮೇಲೆ ಹೊಡೆದು ಹಾಕಿದ್ದೇನೆ, ಯಾಕೆಂದರೆ ಈ ಅರ್ಜಿಯನ್ನು ನನ್ನ ಹೆಂಡತಿ ಅವರಿಗೆ ಓದಿ ಹೇಳಬೇಕಾಗಿದೆ. ಬಸ್ ನಿಲ್ದಾಣದ ಎದುರು ಅವರದೊಂದು ಸಲೂನ್ ಇತ್ತು. ರಸ್ತೆ ಅಗಲ ಮಾಡುವವರು ಬಂದು ಕನ್ನಡಿ ನೇತುಹಾಕಿದ್ದ ಗೋಡೆಯ ತನಕ ಕೆಡವಿದರು. ಅಂಗಡಿ ಹೋದದ್ದು ರಸ್ತೆಯಿಂದ, ಕೈಯಿಂದಲ್ಲ ಎಂಬುದನ್ನು ಒತ್ತಿ ಬರೆಯಬೇಕೆಂದು ತಂದೆಯವರ ಅಪ್ಪಣೆ ಹೆಂಡತಿಯ ಮೂಲಕ ನನಗೆ ತಲುಪಿದೆ. ಊರಿನ ಪೊಲೀಸಿನವರು, ಮೇಷ್ಟ್ರುಗಳು, ಮದುವೆ ಗಂಡುಗಳು, ಸಾಲ ಕೊಟ್ಟವರು, ಸಾಲ ತಗೊಂಡವರು ಎಲ್ಲರೂ ಅವರ ಮುಂದೆ ಕುತ್ತಿಗೆ ಚಾಚಿ ಕೂತಿದ್ದಾರೆ. ಯಾರಿಗೂ ಒಂದು ತೊಟ್ಟು ರಕ್ತ ಬಂದಿಲ್ಲ.

೨. ಟಿ.ವಿ. ಕೊಂಡದ್ದು ತಂದೆಯವರ ಹೊತ್ತು ಹೋಗಲಿ ಎಂದು. ಗೋಡೆಯ ಅರ್ಧಭಾಗ ಅದೇ ತುಂಬಿಕೊಂಡಿತು. 'ಮುಖದ ಮೇಲಿನ ಒಂದೊಂದು ಕೂದಲೂ ಎಣಿಸೋ ಹಾಗೆ ಕಾಣುತ್ತೆ ಸಾರ್' ಎಂದು ಅಂಗಡಿಯವನು ಹೊಗಳಿ ಮಾರಿದ. ಅನಾಹುತದ ಬೇರು ಇದೇ ಮಾತಿನಲ್ಲಿದೆ. ಅದೇ ವಾರ ತಮ್ಮ ಏಜೆಂಟರಾದ ನನ್ನ ಭಾವಮೈದುನ ಮನೆಗೆ ಬಂದು, ಟಿ.ವಿ. ಬಿದ್ದರೂ ಒಡೆದರೂ ಮಕ್ಕಳು ಚೆಂಡು ಹೊಡೆದರೂ ಕಂಪನಿ ಹೊಸದು ಕೊಡುತ್ತದೆ ಎಂದ. 'ನಮ್ಮನೇಲಿ ಮಕ್ಕಳೆಲ್ಲಿದ್ದಾರೋ?' ಎಂದೆ. 'ಇರ್ಲಿ ಭಾವ, ದೊಡ್ಡೋರು ಇದ್ದಾರಲ್ಲ' ಎಂದು ಸಹಿ ಹಾಕಿಸಿಕೊಂಡು ಹೋದ.

೩. ಸಂಜೆಯ ವಾರ್ತೆ ಓದುವ ಮಹಾಶಯರೊಬ್ಬರಿದ್ದಾರೆ. ಹೆಸರು ಬೇಡ, ಅವರದೇನೂ ತಪ್ಪಿಲ್ಲ. ಅವರ ಬಲಗಿವಿಯ ಮುಂದಿನ ಸೈಡ್‌ಲಾಕ್ ಎಡಗಡೆಯದಕ್ಕಿಂತ ಒಂದು ಕಡ್ಡಿಯಷ್ಟು ಕೆಳಗಿಳಿದಿತ್ತು. ನಮ್ಮಂಥವರಿಗೆ ಕಾಣದು. ತಂದೆಯವರಿಗೆ ಬೇರೇನೂ ಕಾಣಲಿಲ್ಲ.

'ಯಾವನೋ ಇವನ ತಲೆಗೆ ಕೈ ಹಾಕಿದೋನು? ಬಲಗಡೆದು ಇಳಿದಿದೆ, ಎಡಗಡೆದು ಏರಿದೆ. ಊರಿಗೆಲ್ಲ ಮುಖ ತೋರ್ಸೋ ಮನುಷ್ಯನ್ನ ಹೀಗೆ ಕಳಿಸ್ತಾರಾ?'

ಪ್ರವಾಹ ಬಂತು, ಚುನಾವಣೆ ಬಂತು, ತಂದೆಯವರ ಕಣ್ಣು ಕಿವಿಯ ಪಕ್ಕದಿಂದ ಅಲ್ಲಾಡಲಿಲ್ಲ. ನನ್ನ ಹೆಂಡತಿ ಒಂದು ದಿನ, 'ಮಾವ, ಸರ್ಕಾರ ಬಿತ್ತಂತೆ' ಎಂದಳು. 'ಬೀಳ್ಲಿ ಬಿಡಮ್ಮ, ಇನ್ನೊಂದು ಬರುತ್ತೆ. ಇದನ್ನ ನೋಡಿಲ್ಲಿ' ಎಂದರು. ಅವರ ಕಾಟ ತಾಳಲಾರದೆ ನಾನು ಆ ಚಾನೆಲ್ಲಿಗೆ ಫೋನ್ ಕೂಡ ಮಾಡಿದೆ. 'ದೂರು ಚಿತ್ರದ ಬಗ್ಗೆನಾ, ಧ್ವನಿ ಬಗ್ಗೆನಾ?' ಎಂದು ಒಬ್ಬ ಹೆಣ್ಣುಮಗಳು ಬಹಳ ವಿನಯದಿಂದ ಕೇಳಿದಳು. ಕೂದಲಿನ ಬಗ್ಗೆ ಎಂದೆ. ಫೋನ್ ಇಟ್ಟಳು.

೪. ಘಟನೆಯ ದಿನ ನಾನು ಕಚೇರಿಯಲ್ಲಿದ್ದೆ. ಆದ್ದರಿಂದ ಇಲ್ಲಿಂದ ಮುಂದಿನದು ನನ್ನ ಹೆಂಡತಿಯ ಹೇಳಿಕೆಯ ಪ್ರಕಾರ. ವಾರ್ತೆ ಶುರುವಾದ ಕೂಡಲೇ ತಂದೆಯವರು ಅಟ್ಟದ ಮೇಲಿಂದ ತಮ್ಮ ಪೆಟ್ಟಿಗೆ ಇಳಿಸಿದರು. ಬಿಳಿ ಬಟ್ಟೆ ಒದರಿ, ಟಿ.ವಿ.ಯ ಕೆಳಗಿನ ಅಂಚಿಗೆ ಸುತ್ತಿ, ಎರಡು ತುದಿಗಳನ್ನು ಹಿಂದೆ ಸಿಕ್ಕಿಸಿದರು. ನೀರು ಚಿಮುಕಿಸಿದರು. ಬಾಚಣಿಗೆ ಆಡಿಸಿದರು. ಮಡಚುವ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆದು, 'ಸ್ವಲ್ಪ ತಲೆ ಬಗ್ಗಿಸಿ ಸ್ವಾಮಿ' ಎಂದರು. ವಾರ್ತೆ ಓದುವವರು ಆ ಕ್ಷಣಕ್ಕೇ ಕೈಯಲ್ಲಿದ್ದ ಕಾಗದ ನೋಡಲು ತಲೆ ಬಗ್ಗಿಸಿದರು. 'ಹಾಂ, ಹಾಗೇ ಇರಿ' ಎಂದರು ತಂದೆಯವರು. ಅವರು ಹಾಗೇ ಇದ್ದರು.

ನನ್ನ ಹೆಂಡತಿ ಸೌಟು ಹಿಡಿದು ಅಡುಗೆಮನೆಯಿಂದ ಹೊರಗೆ ಬಂದದ್ದು ಈ ಹೊತ್ತಿಗೆ. ಅವಳು ಕೂಗಬಹುದಿತ್ತು, ಕೂಗಲಿಲ್ಲ. ಕತ್ತಿ ಗಿರಾಕಿಯ ಕಿವಿ ಹತ್ತಿರ ಇರುವಾಗ ಉಸಿರೆತ್ತಬಾರದು ಎನ್ನುವುದು ನಮ್ಮ ಮನೆತನದ ಕಟ್ಟಳೆ. ಮದುವೆಯಾಗಿ ಬಂದ ಹೊಸದರಲ್ಲಿ, ಅಂಗಡಿಗೆ ಬುತ್ತಿ ಕೊಡಲು ಹೋದಾಗ ತಂದೆಯವರೇ ಅವಳಿಗೆ ಅದನ್ನು ಹೇಳಿಕೊಟ್ಟಿದ್ದರು. ಆದ್ದರಿಂದ ಅವಳು ಸೌಟು ಹಿಡಿದುಕೊಂಡು, ಬಾಯಿ ಬಿಗಿಹಿಡಿದು, ಕೆಲಸ ಮುಗಿಯುವ ತನಕ ನಿಂತಳು. 'ನೀನೇನು ಹುಚ್ಚಿಯಾ?' ಎಂದು ನಾನು ಆಮೇಲೆ ರೇಗಿದೆ. 'ನೀವಿದ್ರೂ ಹಾಗೇ ನಿಲ್ತಿದ್ರಿ' ಎಂದಳು. ಯೋಚಿಸಿ ನೋಡಿದೆ. ನಿಲ್ಲುತ್ತಿದ್ದೆ.

ಕತ್ತಿ ಮೇಲಿಂದ ಕೆಳಕ್ಕೆ ಒಂದೇ ಸಲ ಇಳಿಯಿತು. ವಾರ್ತೆ ಓದುವವರ ಅರ್ಧ ಮುಖ ನೀಲಿಯಾಯಿತು, ಪಟ್ಟೆಪಟ್ಟೆಯಾಯಿತು, ಹವಾಮಾನದ ಹೊತ್ತಿಗೆ ಎಲ್ಲಾ ಕತ್ತಲಾಯಿತು. ತಂದೆಯವರು ಬಟ್ಟೆ ಬಿಚ್ಚಿ, ಕೊಡವಿ, ಮಡಚಿ, 'ಆಯ್ತು ಸ್ವಾಮಿ' ಎಂದು ಕೈಗನ್ನಡಿಯನ್ನು ಆ ಕಪ್ಪು ಗಾಜಿನ ಮುಂದೆ ಒಂದು ಗಳಿಗೆ ಹಿಡಿದು ತೋರಿಸಿದರು. ನನ್ನ ಹೆಂಡತಿ ಯಾವುದಕ್ಕೂ ನಗುವವಳು. ಆಗ ನಗು ಬರಲಿಲ್ಲವಂತೆ.

೫. ನಾನು ಬಂದು ಕೇಳಿದೆ, 'ಅಪ್ಪಾ, ಅದು ಟಿ.ವಿ. ಅಲ್ವಾ?' ಅವರು ನನ್ನನ್ನು ನೋಡಿದ ರೀತಿಗೆ ನಾನೇ ಕುಗ್ಗಿದೆ. 'ಟಿ.ವಿ. ಅಂತ ನಂಗೊತ್ತಿಲ್ವೇನೋ? ನಂಗೇನು ತಲೆ ಕೆಟ್ಟಿದ್ಯಾ? ಆದ್ರೂ ದಿನಾ ಎದುರಿಗೆ ಕೂತ್ಕೊಂಡ್ರೆ ಎಷ್ಟೂಂತ ನೋಡ್ಕೊಂಡು ಸುಮ್ನಿರೋದು?' ಇದಕ್ಕೆ ಉತ್ತರವನ್ನು ತಮ್ಮ ಪಾಲಿಸಿಯ ಹಿಂಬದಿಯ ಸಣ್ಣಕ್ಷರಗಳಲ್ಲೂ ಹುಡುಕಿದೆ, ಅಲ್ಲೂ ಇಲ್ಲ.

೬. ಭಾವಮೈದುನ ಬಂದು ಗೀರನ್ನು ನೋಡಿ ತಲೆ ಕೆರೆದುಕೊಂಡ. 'ಬೇಕೂಂತ ಮಾಡಿದ್ದು ಅಂದ್ರೆ ಕಂಪನಿ ಕೈ ಎತ್ತಿಬಿಡುತ್ತೆ ಭಾವ. ವಯಸ್ಸಾಗಿತ್ತು, ಕೈ ನಡುಗಿ ಜಾರ್ತು ಅಂತ ಬರೀರಿ. ಯಾರ್ ಕೇಳ್ತಾರೆ?' ನಾನು ಹಿಂದೆಮುಂದೆ ನೋಡದೆ ಬರೆದೆ. ನಮ್ಮ ಕಚೇರಿಯಲ್ಲಿ ಪೈಪು ಒಡೆದರೆ ಯಾರು ಒಡೆದರೆಂದು ಬರೆಯುವುದಿಲ್ಲ, 'ಮಣ್ಣಿನ ಸ್ವಭಾವದಿಂದ' ಎಂದು ಬರೆಯುವುದು ವಾಡಿಕೆ. ಹಾಗೆಯೇ ಕೈ ಓಡಿತು. ಬರೆದದ್ದು ಯಾರ ಬಗ್ಗೆ ಎಂದು ನನಗೆ ಹೊಳೆಯಲೇ ಇಲ್ಲ.

೭. ತಮ್ಮ ಪರಿಶೀಲಕರು ಮಾತ್ರ ಬಲು ಖಡಕ್ ಮನುಷ್ಯ. ಗೀರಿನ ಮೇಲೆ ಅಳತೆಪಟ್ಟಿ ಇಟ್ಟರು, ಕಣ್ಣು ಕಿರಿದು ಮಾಡಿದರು, ಪಟ್ಟಿ ತಿರುಗಿಸಿ ಮತ್ತೆ ಇಟ್ಟರು. ತಂದೆಯವರು ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದರು. 'ಏನ್ ಬರೆದ್ರಿ ಸ್ವಾಮಿ?' ಎಂದು ಕೇಳಿದರು. ಪರಿಶೀಲಕರು ಓದಿದರು: 'ಗೀರು ಆದ್ಯಂತ ಒಂದೇ ಆಳದ್ದಾಗಿದ್ದು, ಎಲ್ಲಿಯೂ ಕೂದಲೆಳೆಯಷ್ಟೂ ಓರೆಯಾಗಿರುವುದಿಲ್ಲ. ಕೈ ಜಾರಿ ಅಥವಾ ನಡುಗಿ ಇಂತಹ ಗೆರೆ ಮೂಡಲು ಸಾಧ್ಯವಿಲ್ಲ.' ಹೊಸ ಟಿ.ವಿ. ಕೈತಪ್ಪಿತು ಎಂದುಕೊಂಡೆ. ತಂದೆಯವರು, 'ಇವ್ರಿಗೆ ಇನ್ನೊಂದು ಲೋಟ ಚಹಾ ಕೊಡಮ್ಮ' ಎಂದರು. ಅಂಗಡಿ ಹೋದ ಮೇಲೆ ಅವರು ಅಷ್ಟು ಗೆಲುವಾಗಿ ಓಡಾಡಿದ್ದನ್ನು ನಾನು ಕಂಡಿರಲಿಲ್ಲ.

೮. ಇಷ್ಟರಲ್ಲಿ ತಮ್ಮ ಪತ್ರ ಬಂತು. 'ಪಾಲಿಸಿದಾರರ ತಂದೆಯವರ ಇಳಿವಯಸ್ಸು ಮತ್ತು ಕೈನಡುಕವನ್ನು ಸಹಾನುಭೂತಿಯಿಂದ ಪರಿಗಣಿಸಿ, ಪರಿಶೀಲಕರ ವರದಿಯನ್ನು ಬದಿಗಿರಿಸಿ...' ಭಾವಮೈದುನ ಅದನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದ.

'ಯಾರ ಕೈ ನಡುಗ್ತು?' ಎಂದರು ತಂದೆಯವರು.

ಭಾವಮೈದುನ ಪತ್ರ ಮಡಚತೊಡಗಿದ.

'ಹಾಗಂತ ಬರ್ಕೊಟ್ಟೋರು ಯಾರು?'

ಭಾವಮೈದುನ ನನ್ನ ಕಡೆ ನೋಡಿದ. ತಮ್ಮ ಕಂಪನಿಯವರಿಗೆ ಜವಾಬ್ದಾರಿ ದಾಟಿಸುವ ತರಬೇತಿ ಚೆನ್ನಾಗಿಯೇ ಇದೆ.

ಇದರ ಪರಿಣಾಮಗಳು: ತಂದೆಯವರು ಪ್ರತಿದಿನ ಬೆಳಿಗ್ಗೆ ಕನ್ನಡಿಯಿಲ್ಲದೆ, ಬಾಲ್ಕನಿಯಲ್ಲಿ ನಿಂತು, ಬೀದಿ ನೋಡುತ್ತಾ ಗಡ್ಡ ಹೆರೆದುಕೊಳ್ಳುತ್ತಿದ್ದವರು, ಈಗ ಗಡ್ಡ ಬಿಟ್ಟಿದ್ದಾರೆ. ಹುಟ್ಟಿದಾಗಿನಿಂದ ನನ್ನ ತಲೆಗೆ ಅವರದಲ್ಲದೆ ಬೇರೆ ಕೈ ತಾಗಿಲ್ಲ. ಕೂದಲು ಕತ್ತರಿಸಿ ಎಂದು ಹೆಂಡತಿಯಿಂದ ಹೇಳಿ ಕಳಿಸಿದ್ದಕ್ಕೆ, 'ಬೇಡಮ್ಮ, ನಡುಗೋ ಕೈ, ಅವನ ಕಿವಿ ಹೋದೀತು' ಎಂದು ಉತ್ತರ ಬಂತು. ಬೇರೆ ಸಲೂನುಗಳಿಗೆ ಹೋದೆ. ಎಲ್ಲರೂ ತಂದೆಯವರ ಕೈಕೆಳಗೆ ಕಲಿತವರು. 'ಯಜಮಾನ್ರ ಮಗನ ತಲೆ ನಾವು ಮುಟ್ಟೋದಾ? ಏನ್ ಜಗಳ ಮಾಡ್ಕೊಂಡಿದ್ದೀರಿ?' ಎಂದು ಕೇಳಿ ಕಳಿಸಿದರು. ಕಚೇರಿಯಲ್ಲಿ ಸಾಹೇಬರು ನನ್ನ ತಲೆಯನ್ನು ಕುರಿತು ಜ್ಞಾಪನಾಪತ್ರ ಹೊರಡಿಸಿದ್ದಾರೆ. ಇದನ್ನೆಲ್ಲ ನಾನು ಸಹಿಸಿಯೇನು. ಆದರೆ ಮೊನ್ನೆ ತಂದೆಯವರು ಆ ಪೆಟ್ಟಿಗೆಯನ್ನು, ಕತ್ತಿ ಕತ್ತರಿ ಬಾಚಣಿಗೆ ಸಮೇತ, ಹಳೇ ಪಾತ್ರೆ ಕೊಳ್ಳುವವನನ್ನು ಕರೆದು ಕೊಟ್ಟುಬಿಟ್ಟರು. ಹೆಂಡತಿ ಬೀದಿ ಕೊನೆಯವರೆಗೆ ಓಡಿ ಹೋಗಿ ತಂದಳು. ಮಾನ್ಯರೇ, ನನ್ನ ಇಷ್ಟು ವರ್ಷದ ಗುಮಾಸ್ತಿಕೆಯಲ್ಲಿ ಇದಕ್ಕೆ ತಕ್ಕ ಒಕ್ಕಣೆ ನನಗೆ ಸಿಗಲಿಲ್ಲ.

೯. ರಾಜಿಯ ಪ್ರಯತ್ನವೂ ಆಗಿದೆ. 'ಜಾರಿದ್ದು ಮಾವನ ಕೈಯಲ್ಲ, ಗಿರಾಕಿ ತಲೆ ಅಲ್ಲಾಡಿಸಿದ ಅಂತ ತಿದ್ದೋಣ. ಆಗ ಅದು ಆಕಸ್ಮಿಕಾನೂ ಆಗುತ್ತೆ, ಮಾವನ ಮಾನಾನೂ ಉಳಿಯುತ್ತೆ' ಎಂದು ಭಾವಮೈದುನ ಸೂಚಿಸಿದ. ಅವನ ಜೀವಮಾನದಲ್ಲಿ ಅವನಿಗೆ ಹೊಳೆದ ಒಳ್ಳೆಯ ಉಪಾಯ ಅದೊಂದೇ. ತಂದೆಯವರು ಬಹಳ ಹೊತ್ತು ಗಡ್ಡ ಸವರಿಕೊಂಡರು. ಒಪ್ಪುತ್ತಾರೆಂದು ನಾವು ಕಾದೆವು.

'ಇಲ್ಲ' ಎಂದರು. 'ಬಗ್ಗಿಸಿ ಅಂದೆ, ಬಗ್ಗಿಸಿದ. ಹಾಗೇ ಇರಿ ಅಂದೆ, ಇದ್ದ. ಅಂಥ ಒಳ್ಳೆ ಗಿರಾಕಿ ಮೇಲೆ ಸುಳ್ಳು ಹೇಳಿ ಟಿ.ವಿ. ತಗೊಳ್ಳೋದಾ?'

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ತಾವು ದಯಮಾಡಿ ಮಂಜೂರಾತಿಯನ್ನು ಹಿಂಪಡೆದು, ಸಹಾನುಭೂತಿಯ ಒಂದಕ್ಷರವೂ ಇಲ್ಲದ ತಿರಸ್ಕಾರ ಪತ್ರವೊಂದನ್ನು ನನ್ನ ತಂದೆಯವರ ಹೆಸರಿಗೆ ಕಳುಹಿಸಬೇಕು. ಅದರಲ್ಲಿ ಪರಿಶೀಲಕರ ಮಾತುಗಳನ್ನು ಪೂರ್ತಿಯಾಗಿ ಎತ್ತಿ ಬರೆದು, 'ಸದರಿಯವರ ಕೈ ನಡುಗಿರುವುದಿಲ್ಲ, ಜಾರಿರುವುದಿಲ್ಲ, ಪೂರ್ಣ ತಿಳಿವಳಿಕೆಯಿಂದ ಮಾಡಿರುತ್ತಾರೆ' ಎಂದು ನಮೂದಿಸಿ, ಮೊಹರು ಒತ್ತಬೇಕು. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ಅಭ್ಯಂತರವಿಲ್ಲ. ಅದರ ಪ್ರತಿಯನ್ನೂ ತಂದೆಯವರಿಗೆ ಕಳುಹಿಸಿದರೆ ಉಪಕಾರವಾಗುತ್ತದೆ. ತಾವು ಕಳುಹಿಸಿದ ಹೊಸ ಟಿ.ವಿ. ಪೆಟ್ಟಿಗೆ ಒಡೆಯದೆ ಹಾಗೇ ಬಾಗಿಲ ಬಳಿ ನಿಂತಿದೆ. ಬಚ್ಚಲಿಗೆ ಹೋಗಬೇಕಾದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯಬೇಕಾಗಿದೆ. ಬೇಗ ಗಾಡಿ ಕಳುಹಿಸಿ.

ಈ ಅರ್ಜಿಯಿಂದ ಮುಂದಕ್ಕಾದರೂ
ತಮ್ಮ ವಿಶ್ವಾಸಿ,
(ಸಹಿ)
ಪಾಲಿಸಿದಾರ

ಲಗತ್ತುಗಳು:
೧. ಮಂಜೂರಾತಿ ಪತ್ರದ ಮೂಲ ಪ್ರತಿ (ಮುದ್ದೆ ಮಾಡಿದ್ದು ತಂದೆಯವರು, ಇಸ್ತ್ರಿ ಹಾಕಿದ್ದು ಹೆಂಡತಿ).
೨. ಗೀರಿನ ಫೋಟೊ, ಅಳತೆಪಟ್ಟಿ ಸಮೇತ.
೩. ಅರ್ಜಿದಾರನ ತಲೆಯ ಫೋಟೊ, ಎರಡೂ ಪಕ್ಕದಿಂದ.
೪. 'ನನ್ನ ಕೈ ನಡುಗಿಲ್ಲ' ಎಂದು ತಂದೆಯವರು ಸ್ವಹಸ್ತದಿಂದ ಬರೆದು ಸಹಿ ಮಾಡಿದ ಹೇಳಿಕೆ.

ವಿಶೇಷ ಕೋರಿಕೆ (ಈ ಭಾಗವನ್ನು ತಂದೆಯವರಿಗೆ ಓದಿ ಹೇಳುವುದಿಲ್ಲ): ಲಗತ್ತು ೪ರಲ್ಲಿ ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಓಲಾಡಿರುವುದು, ಮತ್ತು ಸಹಿ ಎರಡು ಕಡೆ ತುಂಡಾಗಿರುವುದು ತಮ್ಮ ಗಮನಕ್ಕೆ ಬಂದಲ್ಲಿ, ಬರೆಯುವ ಹೊತ್ತಿನಲ್ಲಿ ಮೇಜು ಅಲ್ಲಾಡುತ್ತಿತ್ತೆಂದು ದಾಖಲಿಸಿಕೊಳ್ಳಬೇಕಾಗಿ ವಿನಂತಿ. ಮೇಜನ್ನು ಅಲ್ಲಾಡಿಸಿದವನು ನಾನು.