ಸ್ಕೋರ್ ಹೇಳಬ್ಯಾಡ!

ಇಡೀ ಜಗತ್ತಿಗೆ ಮಧ್ಯಾಹ್ನವೇ ಗೊತ್ತಾಗಿಹೋದ ಸುದ್ದಿಯೊಂದನ್ನು ರಾತ್ರಿ ಊಟದ ಹೊತ್ತಿನವರೆಗೂ ತಮ್ಮ ಕಿವಿಗೆ ಬೀಳದಂತೆ ಕಾಪಾಡಿಕೊಳ್ಳಬಲ್ಲ ಮನುಷ್ಯ ಲಾಸ್ ಏಂಜಲಿಸ್‌ನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಮಾಮ! ಸನ್ಯಾಸಿಗಳು ಹಿಮಾಲಯಕ್ಕೆ ಹೋಗಿ ಕಷ್ಟಪಟ್ಟು ಸಾಧಿಸುವುದನ್ನು ಇವರು ಸ್ಯಾನ್ ಪೀಡ್ರೊ ಬಂದರಿನ ಗದ್ದಲದಲ್ಲಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೇ ಸಾಧಿಸುತ್ತಿದ್ದರು. ಆದರೆ ವರ್ಷವಿಡೀ ಅಲ್ಲ. ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳ ಕಪ್ಪಿನಲ್ಲಿ ನಾಕೌಟ್ ಸುತ್ತು ಶುರುವಾದಾಗ ಮಾತ್ರ.

ಮಾಮ ಎಂದರೆ ನನ್ನ ಅಮ್ಮನ ತಮ್ಮ, ಬೆಳಗಾವಿಯವರು. ಯಾವ ಹಡಗಿನಿಂದ ಇಳಿದ ಯಾವ ಕಂಟೇನರು ಯಾವ ಲಾರಿ ಹತ್ತಬೇಕು ಎಂದು ನೋಡಿಕೊಳ್ಳುವ ಕಂಪನಿಯಲ್ಲಿ ಅವರಿಗೆ ಕೆಲಸ. ನಾನು ಬೆಂಗಳೂರಿನಲ್ಲಿ ಬೆಳೆದವಳು, ಸ್ಯಾನ್ ಡಿಯೇಗೊದ ಕರ್ನಿ ಮೆಸಾದಲ್ಲಿ ಟೆಲಿಕಾಂ ಆಫೀಸೊಂದರಲ್ಲಿ ಕೀಬೋರ್ಡ್ ಕುಟ್ಟುತ್ತಿದ್ದೆ. ನಮ್ಮಿಬ್ಬರ ನಡುವೆ ಎರಡು ಗಂಟೆಯ ಡ್ರೈವ್. ಟ್ರಾಫಿಕ್ ಇದ್ದರೆ ದೇವರೇ ಗತಿ.

ಯುರೋಪಿನಲ್ಲಿ ರಾತ್ರಿ ನಡೆಯುವ ಆಟ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಬರುತ್ತದೆ. ಕೆಲಸ ಬಿಟ್ಟು ನೋಡುವ ಹಾಗಿಲ್ಲ. ಹಾಗಾಗಿ ಮನೆಯಲ್ಲಿ ಮಾಮಿ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಡಬೇಕು. ಮಾಮ ಸಂಜೆ ಬಂದು, ಕೈಕಾಲು ತೊಳೆದು, ಅದೇ ಆಗ ಆಟ ಶುರುವಾಗುತ್ತಿದೆ ಎಂಬಂತೆ ನೋಡಬೇಕು. ಅಲ್ಲಿಯವರೆಗೆ ಸ್ಕೋರ್ ಎಂಬ ಶಬ್ದ ಅವರ ಹತ್ತಿರ ಸುಳಿಯಕೂಡದು! ಮನೆಯ ಫೋನಿನ ವಯರು ಬೆಳಿಗ್ಗೆಯೇ ಗೋಡೆಯಿಂದ ಕಿತ್ತುಬಂದಿರುತ್ತಿತ್ತು. ಮೊಬೈಲು ಬಂದ್. ಕಾರಿನಲ್ಲಿ ರೇಡಿಯೋ ಬಂದ್.

"ಮೊದಲಿನ ಗುಂಪಿನ ಹಂತದ ಆಟಕ್ಕೆ ಇಷ್ಟು ಕಟ್ಟುನಿಟ್ಟು ಇಲ್ವಲ್ಲ, ಮಾಮ?" ಎಂದು ಒಮ್ಮೆ ಕೇಳಿದ್ದೆ.

"ಗುಂಪಿನಾಗ ಸೋತ್ರೂ ಮುಂದ ಇನ್ನೊಂದು ಆಟ ಇರ್ತದವಾ. ನಾಕೌಟ್‌ನಾಗ ಸೋತವ ಮನೀಗೆ ಹೋಗ್ತಾನ. ಹೋಗೋನ್ನ ಪೂರ್ತಿ ನೋಡಿ ಕಳಸಬೇಕೋ ಬ್ಯಾಡೋ?"

ಇದಕ್ಕೆ ಏನು ಹೇಳುತ್ತೀರಿ?

ಆದರೆ ಸ್ಯಾನ್ ಪೀಡ್ರೊ ಎಂದರೆ ಸುಮ್ಮನೆಯೇ? ಇಟಲಿಯಿಂದ, ಕ್ರೊಯೇಷಿಯಾದಿಂದ ಬಂದ ಮೀನುಗಾರರ ಮೊಮ್ಮಕ್ಕಳು ತುಂಬಿರುವ ಊರು. ಅವರಿಗೆಲ್ಲ ಫುಟ್‌ಬಾಲ್ ಅಂದರೆ ಪ್ರಾಣ. ಗೋಲಾದರೆ ಮಾಮನ ಆಫೀಸಿನಲ್ಲೇ ಒಬ್ಬ ಕುರ್ಚಿಯ ಮೇಲೆ ನಿಲ್ಲುತ್ತಾನೆ, ಇನ್ನೊಬ್ಬ ಫೋನಿನಲ್ಲೇ ಅಳುತ್ತಾನೆ. ಮಾಮ ಕಿವಿಗೆ ಹತ್ತಿ ತುರುಕಿಕೊಂಡು, ಕಾರಿನ ಗಾಜು ಏರಿಸಿ, ಒಳಗೆ ಕೂತು ಚಪಾತಿ ತಿನ್ನುತ್ತಿದ್ದರು. ಒಂದು ಸಲ ಅದೂ ಸಾಲಲಿಲ್ಲ. ಕಾರಿಂದ ಇಳಿದು ಒಳಗೆ ಬರುತ್ತಿದ್ದಾಗ ಎದುರಿಗೆ ಸಿಕ್ಕ ಇಟಲಿಯವನ ಮುಖ ಕಣ್ಣಿಗೆ ಬಿತ್ತಂತೆ. ಅಷ್ಟೇ, ಆಟ ಮುಗಿಯಿತು!

"ಅವ ಬಾಯೇ ಬಿಟ್ಟಿದ್ದಿಲ್ಲ. ಆದ್ರ ಎಲ್ಲಾ ಮುಖದಾಗ ಬರ್ದಿತ್ತು. ಎರಡು ಗೋಲಿನಿಂದ ಸೋತಾರಂತ ತಿಳೀತು."

"ಎರಡು ಅಂತ ಹೇಗೆ ಗೊತ್ತಾಯ್ತು?"

"ಒಂದ ಗೋಲಾಗಿದ್ರ ಅವಗ ಸಿಟ್ಟಿರ್ತಿತ್ತು."

ಅಂದಿನಿಂದ ನಾಕೌಟ್ ದಿನ ಮಾಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೂಟುಗಳನ್ನು ನೋಡಿಕೊಂಡೇ ಆಫೀಸು ತುಂಬ ಓಡಾಡುತ್ತಿದ್ದರು. ಹೊಸದಾಗಿ ಬಂದ ಮ್ಯಾನೇಜರ್ ಹೆಂಗಸು, ಈ ಮನುಷ್ಯ ಎಷ್ಟು ವಿನಯವಂತ ಎಂದು ಮೆಚ್ಚಿ ಪ್ರಮೋಷನ್ ಕೊಟ್ಟಳಂತೆ. ಇದು ಮಾಮಿ ಹೇಳುವ ಕಥೆ. ನಿಜವೋ ಸುಳ್ಳೋ ನಾ ಕಾಣೆ.

ನಾಕೌಟ್‌ನಲ್ಲಿ ಫೈನಲ್ ಒಂದು ಬಿಟ್ಟರೆ ಪ್ರತಿ ಜೋಡಿಗೂ ಎರಡು ಆಟ, ಫಸ್ಟ್ ಲೆಗ್, ಸೆಕೆಂಡ್ ಲೆಗ್ ಅಂತ. ಒಂದು ಇವರ ಊರಿನಲ್ಲಿ, ಒಂದು ಅವರ ಊರಿನಲ್ಲಿ. ಎರಡೂ ಆಟದ ಗೋಲು ಕೂಡಿಸುತ್ತಾರೆ. ಸಮವಾದರೆ ಪರಊರಿನಲ್ಲಿ ಹೊಡೆದ ಗೋಲಿಗೆ ಬೆಲೆ ಹೆಚ್ಚು. ಮಾಮನ ಪ್ರಕಾರ ಮನುಷ್ಯರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕಾನೂನು ಇನ್ನೂ ಯಾರೂ ಮಾಡಿಲ್ಲ. ನನ್ನ ಮದುವೆಯ ಮಾತು ನಡೆದಾಗ ಹುಡುಗನನ್ನು ಪಸಡೀನಾದ ಅವನ ಮನೆಯಲ್ಲಿ ನೋಡಿ ಬಂದೆವು. ಕಾಫಿ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು, ನಾನು ಒಳಗೊಳಗೇ ಹೂಂ ಅಂದುಬಿಟ್ಟಿದ್ದೆ. ಮಾಮ ಒಪ್ಪಲಿಲ್ಲ.

"ತನ್ನ ಮನ್ಯಾಗ ಎಲ್ಲಾರೂ ಛಂದ ಆಡ್ತಾರ. ಸೆಕೆಂಡ್ ಲೆಗ್‌ಗೆ ನಮ್ಮ ಮನೀಗೆ ಕರಿ."

ಬಂದ, ಪಾಪ. ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬೇಡ ಅನ್ನಲಿಲ್ಲ. ಊಟವಾದ ಮೇಲೆ ಯಾರೂ ಹೇಳದೆ ತನ್ನ ತಟ್ಟೆಯನ್ನೂ ಮಾಮಿಯ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ತೊಳೆದಿಟ್ಟ. ಮಾಮ ಸೋಫಾದಿಂದ ಎದ್ದು ನಿಂತು ಕೂಗಿಬಿಟ್ಟರು: "ಗೋಲ್! ಪರಊರಾಗ ಹೊಡೆದಾನ, ಮುಗೀತು, ನಮ್ಮ ಹುಡುಗಿ ಕೊಟ್ಟೇವಿ!" ಆ ಹುಡುಗ ಇವತ್ತಿಗೂ ನಮ್ಮ ಮನೆಯಲ್ಲಿ ತಟ್ಟೆ ತೊಳೆಯುತ್ತಾನೆ. ಕೆಲವೊಮ್ಮೆ.

ಮಾಮನಿಗೆ ಈ ಹುಚ್ಚು ಹತ್ತಿಸಿದವರು ಅವರ ಅಣ್ಣ, ಎಂದರೆ ನನ್ನ ದೊಡ್ಡ ಮಾಮ. ಬೆಳಗಾವಿಯಲ್ಲೇ ಇದ್ದರು, ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿ ರಿಟೈರ್ ಆಗಿದ್ದರು. ಮಾಮ ಚಿಕ್ಕವರಿದ್ದಾಗ ಕಾಲು ಮುರಿದುಕೊಂಡು ಒಂದು ಬೇಸಿಗೆಯೆಲ್ಲ ಹಾಸಿಗೆ ಹಿಡಿದಿದ್ದರಂತೆ. ದೊಡ್ಡ ಮಾಮ ದಿನಾ ಸಂಜೆ ಮೈದಾನಕ್ಕೆ ಹೋಗಿ ಆಟ ನೋಡುವುದು, ಮನೆಗೆ ಬಂದು ತಮ್ಮನ ಹಾಸಿಗೆಯ ಪಕ್ಕ ಕೂತು ಮೊದಲ ಕಿಕ್‌ನಿಂದ ಶುರುಮಾಡಿ ಪೂರ್ತಿ ಆಟ ಹೇಳುವುದು. ಯಾರು ಗೆದ್ದರು ಎಂದು ಮಾತ್ರ ಕೊನೆಯ ಶೀಟಿ ಊದುವವರೆಗೆ ಬಾಯಿ ಬಿಡುತ್ತಿರಲಿಲ್ಲವಂತೆ. ತಮ್ಮ ಅತ್ತರೂ ಇಲ್ಲ, ಬೈದರೂ ಇಲ್ಲ!

"ಶೀಟಿ ಊದೋತನಕ ಯಾರೂ ಸೋತಿಲ್ಲೋ ತಮ್ಮಾ, ಅಂತಿದ್ದ ನಮ್ಮಣ್ಣ," ಎಂದು ಮಾಮ ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು.

ದೊಡ್ಡವರಾದ ಮೇಲೂ ಅದೇ ಪದ್ಧತಿ. ದೊಡ್ಡ ಮಾಮ ಬೆಳಗಾವಿಯಲ್ಲಿ ನಡುರಾತ್ರಿ ಎದ್ದು ಟಿವಿಯಲ್ಲಿ ಆಟ ನೋಡಿ ಮಲಗುತ್ತಿದ್ದರು. ಮಾಮ ಇಲ್ಲಿ ಸಂಜೆ ಟೇಪು ನೋಡಿ ಮುಗಿಸಿ, ಫೋನಿನ ವಯರು ಗೋಡೆಗೆ ಸಿಕ್ಕಿಸಿ ಮೊದಲು ಮಾಡುತ್ತಿದ್ದ ಕೆಲಸ ಅಣ್ಣನಿಗೆ ಫೋನು. ಅಲ್ಲಿ ಆಗ ಮರುದಿನದ ಬೆಳಗು. ಚಹಾ ಕುಡಿಯುತ್ತ ದೊಡ್ಡ ಮಾಮ ಕಾದಿರುತ್ತಿದ್ದರು. ಇಬ್ಬರೂ ಒಂದೊಂದು ಪಾಸು ಹಿಡಿದು ಜಗ್ಗಾಡುತ್ತಿದ್ದರು. ಒಂದು ಸಲ ಆಟ ಎಕ್ಸ್‌ಟ್ರಾ ಟೈಮಿಗೆ ಹೋಗಿ, ಇಲ್ಲಿ ಟೇಪೇ ಮುಗಿದುಹೋಯಿತು. ಮಾಮ ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಅಣ್ಣನಿಗೆ ಫೋನು ಮಾಡಿದರು. ದೊಡ್ಡ ಮಾಮ ಉಳಿದ ಆಟವನ್ನು ಅಲ್ಲಿಂದಲೇ ಹೇಳಿದರು, ಥೇಟ್ ಹಾಸಿಗೆಯ ಪಕ್ಕ ಕೂತ ಹಾಗೆ. ಪೆನಾಲ್ಟಿ ಬಂತು. ಕೊನೆಯ ಆಟಗಾರ ಓಡಿಬಂದ... ಅಷ್ಟರಲ್ಲಿ ಕಾಲಿಂಗ್ ಕಾರ್ಡಿನ ದುಡ್ಡು ಖಾಲಿ! ಮಾಮ ಮಾಮಿಯನ್ನು ಓಡಿಸಿದರು ಪೆಟ್ರೋಲ್ ಬಂಕಿಗೆ, ಹೊಸ ಕಾರ್ಡು ತರಲು. ತಾವೇ ಯಾಕೆ ಹೋಗಲಿಲ್ಲ ಅನ್ನುತ್ತೀರಾ? ಬಂಕಿನಲ್ಲಿ ಯಾರಾದರೂ ಸ್ಕೋರ್ ಹೇಳಿಬಿಟ್ಟರೆ!

"ಅಲ್ಲಿತನಕ ಅಣ್ಣ ಆ ಚೆಂಡನ್ನ ಗಾಳ್ಯಾಗ ಹಿಡದಿಟ್ಟಿದ್ದ ನೋಡು," ಎಂದು ಹೆಮ್ಮೆಯಿಂದ ಹೇಳಿಕೊಂಡರು. ಕಾರ್ಡು ತಂದ ಮಾಮಿಯನ್ನು ಮಾತ್ರ ಹೊಗಳಿದ್ದು ನನಗೆ ನೆನಪಿಲ್ಲ.

ಎರಡು ಸಾವಿರದ ಐದರಲ್ಲಿರಬೇಕು. ಮೇ ತಿಂಗಳು. ಸೆಮಿಫೈನಲ್ಲಿನ ಎರಡನೇ ಆಟದ ದಿನ. ಮಧ್ಯಾಹ್ನ ಕಳೆದ ಮೇಲೆ ನನ್ನ ಆಫೀಸಿಗೆ ಬೆಂಗಳೂರಿನಿಂದ ಅಮ್ಮನ ಫೋನು ಬಂತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ.

"ಅಣ್ಣ ಹೋದನೇ," ಅಂದಳು ಅಮ್ಮ. "ಮಲಗಿದ್ದವನು ಎದೆನೋವು ಅಂದನಂತೆ. ಆಸ್ಪತ್ರೆಗೆ ಕರೆದುಕೊಂಡು ಹೋಗೋಕೂ ಟೈಮ್ ಕೊಡಲಿಲ್ಲ. ತಮ್ಮನ ಮನೆಗೆ ಎಷ್ಟು ಸಲ ಮಾಡಿದರೂ ಫೋನು ಹೋಗುತ್ತಿಲ್ಲ. ನೀನೇ ಹೇಳು ಅವನಿಗೆ."

ಹೇಗೆ ಹೋದೀತು! ವಯರು ಕಿತ್ತಿಟ್ಟಿದೆಯಲ್ಲ! ಮೊದಲ ಸಲ ಈ ಹುಚ್ಚಾಟದ ಮೇಲೆ ನನಗೆ ನಿಜವಾದ ಸಿಟ್ಟು ಬಂತು. ಕಾರು ತೆಗೆದೆ. ದಾರಿಯುದ್ದಕ್ಕೂ ಟ್ರಾಫಿಕ್, ಎಡಗಡೆ ಸಮುದ್ರ ತನ್ನಷ್ಟಕ್ಕೆ ಹೊಳೆಯುತ್ತಿತ್ತು. ಹೇಗೆ ಹೇಳಲಿ, ಮೊದಲು ಏನು ಹೇಳಲಿ ಎಂದು ಬಾಯಲ್ಲೇ ಮಾತು ಜೋಡಿಸಿಕೊಂಡು ಹೋದೆ.

ಬಾಗಿಲು ತೆರೆದವರು ಮಾಮಿ. ಒಳಗೆ ಮಾಮ ಟಿವಿ ಎದುರು ಕೂತಿದ್ದರು, ಟೇಪು ಹಾಕಿ ಆಗಿತ್ತು, ಆಟಗಾರರು ಮೈದಾನಕ್ಕೆ ಬರುತ್ತಿದ್ದರು. ಮಾಮ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಆಮೇಲೆ ಥಟ್ಟನೆ ಅಂಗೈ ಎತ್ತಿದರು.

"ಸ್ಕೋರ್ ಹೇಳಬ್ಯಾಡ!"

"ಮಾಮ, ಸ್ಕೋರ್ ಅಲ್ಲ, ನಾನು ಬಂದಿದ್ದು..."

"ಏನೇ ಇರ್ಲಿ. ಶೀಟಿ ಊದಿದ ಮ್ಯಾಲೆ. ಕೂಡು."

ಅಡುಗೆಮನೆಗೆ ಹೋಗಿ ಮಾಮಿಗೆ ಹೇಳಿದೆ. ಮಾಮಿ ಸೆರಗು ಬಾಯಿಗಿಟ್ಟುಕೊಂಡು ಒಲೆಯ ಕಡೆ ತಿರುಗಿದರು. ಉರಿ ಆರಿಸಿದರು. ನಾನು ಮತ್ತೆ ಮಾಮನ ಹತ್ತಿರ ಹೊರಟಾಗ ನನ್ನ ಕೈ ಹಿಡಿದು ನಿಲ್ಲಿಸಿದರು.

"ಈಗ ಹೊಂಟ್ರೂ ಮಣ್ಣಿಗೆ ಮುಟ್ಟೂದಿಲ್ಲ. ಮುಗೀಲಿ ಬಿಡು. ಅಷ್ಟೊತ್ತಾದ್ರೂ ಸುಖದಾಗ ಇರ್ಲಿ."

ಸರಿ, ಹೋಗಿ ಪಕ್ಕದಲ್ಲಿ ಕೂತೆ. ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೇ. ಚೆಂಡನ್ನು ಬಿಟ್ಟು ಮಾಮನನ್ನೇ ನೋಡುತ್ತಿದ್ದೆ. ಎಂದೂ ಸುಮ್ಮನೆ ಕೂರುವವರಲ್ಲ ಅವರು. ಟೀಪಾಯಿಗೆ ಒದೆಯಬೇಕು, ರೆಫರಿಗೆ ಬೆಳಗಾವಿಯ ಬೈಗುಳ ಬೈಯಬೇಕು, ಜಾಹೀರಾತು ಬಂದರೆ ರಿಮೋಟು ಹಿಡಿದು ಟೇಪು ಓಡಿಸಬೇಕು. ಅವತ್ತು ಒಂದೂ ಇಲ್ಲ. ಕಾರಿನ ಜಾಹೀರಾತು, ಶಾಂಪೂ ಜಾಹೀರಾತು, ಹಾಫ್ ಟೈಮಿನ ಹರಟೆ, ಎಲ್ಲವನ್ನೂ ಪೂರ್ತಿ ನೋಡಿದರು. ರಿಮೋಟು ತೊಡೆಯ ಮೇಲೇ ಇತ್ತು. ನನಗೋ ಒಂದೊಂದು ಜಾಹೀರಾತೂ ನುಂಗಲಾರದ ತುತ್ತು. ಗೋಲಾದಾಗಲೂ ಅವರು ಕೂಗಲಿಲ್ಲ. ಒಮ್ಮೆ ಮೂಗು ಒರೆಸಿಕೊಂಡರು, ಅಷ್ಟೇ.

ಶೀಟಿ ಊದಿತು. ಮೈದಾನದಲ್ಲಿ ಕೆಲವರು ಕುಣಿದರು, ಕೆಲವರು ಹುಲ್ಲಿನ ಮೇಲೆ ಬಿದ್ದುಕೊಂಡರು. ಮಾಮ ಟಿವಿ ಆರಿಸಿ, ಎದ್ದು ಹೋಗಿ ಫೋನಿನ ವಯರನ್ನು ಗೋಡೆಗೆ ಸಿಕ್ಕಿಸಿದರು. ನನ್ನ ಕಡೆ ತಿರುಗದೆ ಕೇಳಿದರು:

"ಎಷ್ಟೊತ್ತಿಗಾತು?"

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ! "ಬೆಳಗಿನ ಜಾವ," ಎಂದಷ್ಟೇ ಬಂತು. "ಮಾಮ, ನಿಮಗೆ ಹೇಗೆ..."

"ಬಾಗಲಾಗ ನಿನ್ನ ಮುಖ ನೋಡಿದ್ನಲ್ಲ. ಅಕ್ಕಗ ಏನಾರ ಆಗಿದ್ರ ನೀ ನನ್ನ ಮನೀಗೆ ಬರ್ತಿದ್ದಿಲ್ಲ, ಏರ್‌ಪೋರ್ಟಿಗೆ ಓಡ್ತಿದ್ದಿ. ಅಣ್ಣಂದೇ ಅಂತ ತಿಳೀತು." ವಯರು ಸರಿಯಾಗಿ ಕೂತಿದೆಯೇ ಎಂದು ಇನ್ನೊಮ್ಮೆ ಒತ್ತಿ ನೋಡಿದರು. "ನೀ ಬಾಯಿ ಬಿಟ್ಟು ಹೇಳೋತನಕ ಅಂವ ಇರ್ತಾನಂತ ಅನಿಸ್ತವಾ. ಅದಕ್ಕ ಕೂಡು ಅಂದೆ."

ನನಗೆ ಅಳು ತಡೆಯಲಾಗಲಿಲ್ಲ. ಮಾಮನೇ ಬಂದು ತಲೆ ಸವರಿದರು. ಆಮೇಲೆ ಮಕ್ಕಳ ಹಾಗೆ ಕೇಳಿದರು:

"ಆಟ ಪೂರ್ತಿ ನೋಡಿದ್ನಂತೇನು?"

"ಪೂರ್ತಿ ನೋಡಿದರಂತೆ, ಮಾಮ, ಅಮ್ಮ ಹೇಳಿದಳು. ಟಿವಿ ಆರಿಸಿ, ಬೆಳಿಗ್ಗೆ ತಮ್ಮನ ಫೋನು ಬರುತ್ತೆ, ನನ್ನ ಬೇಗ ಎಬ್ಬಿಸು ಅಂತ ದೊಡ್ಡ ಮಾಮಿಗೆ ಹೇಳಿ ಮಲಗಿದರಂತೆ."

ಮಾಮ ತಲೆಯಾಡಿಸಿದರು. ಎಂದಿನಂತೆ ಬೆಳಗಾವಿಯ ನಂಬರು ಒತ್ತಿದರು. ಅಲ್ಲಿ ಯಾರೋ ಎತ್ತಿಕೊಂಡರು, ಹಿಂದೆ ಅಳು, ಜನರ ಮಾತು ನನಗೂ ಕೇಳಿಸುತ್ತಿತ್ತು.

"ವೈನಿ, ನಾನ್ರಿ," ಅಂದರು ಮಾಮ, ಅತ್ತಿಗೆಯ ದನಿ ಗುರುತಿಸಿ. ಮುಂದೆ ಬಹಳ ಹೊತ್ತು ಇಬ್ಬರೂ ಬರೀ ಅತ್ತರು. ಆಮೇಲೆ ಮಾಮ ಅಂದರು: "ವೈನಿ, ಒಂದೀಟು ಫೋನ್ ಅಣ್ಣನ ಕಿವಿಗೆ ಹಿಡೀರಿ."

ಹಿಡಿದರೆಂದು ಕಾಣುತ್ತದೆ. ಮಾಮ ನೆಲದ ಮೇಲೆ ಕೂತು, ಗೋಡೆಗೆ ಒರಗಿ ಶುರುಮಾಡಿದರು. ಮೊದಲ ಕಿಕ್‌ನಿಂದ. ಎಡಗಡೆಯಿಂದ ಯಾರು ಓಡಿಬಂದರು, ಯಾರಿಗೆ ಪಾಸು ಕೊಟ್ಟರು, ಗೋಲ್‌ಕೀಪರನ ಕೈ ಎಲ್ಲಿ ಜಾರಿತು, ಯಾವುದನ್ನೂ ಬಿಡಲಿಲ್ಲ. ಮಾಮಿ ಬಂದು ಅವರ ಪಕ್ಕ ಕೂತರು. ಮಾಮ ಹೇಳುತ್ತ ಹೇಳುತ್ತ ಕೊನೆಯ ಶೀಟಿಯವರೆಗೆ ಬಂದು ನಿಂತರು. ಯಾರು ಗೆದ್ದರು ಎಂಬುದನ್ನು ಮಾತ್ರ ಹೇಳಲಿಲ್ಲ.

"ಅದು ನಿನಗ ಗೊತ್ತದಲ್ಲ, ಅಣ್ಣಾ," ಅಂದರು.